ಮಳೆಗಾಲದ ಊರಿನಲ್ಲಿ ಪುಸ್ತಕವನ್ನು ಮೂಸಿ, ಮುಟ್ಟಿ, ಕೇಳಿ ಓದುವ ಬಗೆ

ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತೆಗೆಯಿರಿ. ಮೊದಲು ಬೆಳಕಿಗೆ ಹಿಡಿದು ಬೂಷ್ಟಿನ ಕಲೆ ಇದೆಯೇ ನೋಡಿ. ಇಲ್ಲವೆಂದಾದರೆ ನಡುವಿನ ಪುಟಗಳನ್ನು ಬಿಡಿಸಿ, ಬೆನ್ನಿನ ಸಂದಿಗೆ ಮೂಗು ತಂದು ಮೆಲ್ಲನೆ ಉಸಿರೆಳೆಯಿರಿ. ಓದುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇದು. ಇದರಲ್ಲಿ ಸುಖವೂ ಇದೆ, ತಪಾಸಣೆಯೂ ಇದೆ. ನಾನು ಕುಮಟಾದ ಪ್ರೌಢಶಾಲೆಯೊಂದರಲ್ಲಿ ಗ್ರಂಥಾಲಯ ನೋಡಿಕೊಂಡಿದ್ದವಳು. ನಿವೃತ್ತಿಯ ನಂತರ ಮನೆಯ ಜಗುಲಿಯಲ್ಲಿ ಕುಳಿತು ನೆರೆಹೊರೆಯವರ ಸಡಿಲಾದ ಪುಸ್ತಕಗಳಿಗೆ ಹೊಲಿಗೆ ಹಾಕಿಕೊಡುತ್ತೇನೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಕಾಗದದ ಪುಸ್ತಕವನ್ನು ಸವಿಯಬೇಕೆಂದರೆ ಅದನ್ನು ಕಾಪಾಡಲೂ ತಿಳಿದಿರಬೇಕು. ಎರಡಕ್ಕೂ ಬೇಕಾಗುವುದು ಅದೇ ಮೂಗು, ಅದೇ ಬೆರಳು, ಅದೇ ಕಿವಿ.

ಮೂಗಿಗೆ ಒಣಹುಲ್ಲು ಮತ್ತು ವೆನಿಲ್ಲಾ ಬೆರೆತ ತಿಳಿಯಾದ ಪರಿಮಳ ಬಂದರೆ ಪುಸ್ತಕ ಆರೋಗ್ಯವಾಗಿ ಮುಪ್ಪಾಗುತ್ತಿದೆ ಎಂದರ್ಥ. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಅದು ಗಾಳಿ ಬೆಳಕಿಗೆ ನಿಧಾನವಾಗಿ ಒಡೆಯುತ್ತ ವೆನಿಲಿನ್ ಮುಂತಾದ ಆವಿಗಳನ್ನು ಬಿಡುತ್ತದೆ. ಹುಳಿ ವಾಸನೆ ಬಂದು, ಪುಟದ ಅಂಚು ಕಂದಾಗಿ, ಮೂಲೆ ಮಡಿಸಿದರೆ ಮುರಿಯುವಂತಿದ್ದರೆ ಅದು ಕಾಗದದೊಳಗಿನ ಆಮ್ಲದ ಕೆಲಸ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಶಾಯಿ ಹರಡದಿರಲೆಂದು ಕಾಗದಕ್ಕೆ ಪಟಿಕ ಮತ್ತು ರಾಳ ಸೇರಿಸುವ ಪದ್ಧತಿ ಬಂತು. ಆ ಆಮ್ಲವೇ ಕಾಗದದ ಎಳೆಗಳನ್ನು ತಿನ್ನುತ್ತದೆ. ಅಂಥ ಪುಸ್ತಕವನ್ನು ಪೂರ್ತಿ ಬಿಡಿಸಬೇಡಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೆರೆದು ಓದಿ. ಮೂರನೆಯದು ಮಣ್ಣಿನ, ಹಸಿ ಗೋಣಿಯ ವಾಸನೆ. ಇದು ಬಂದರೆ ಕಲೆ ಕಾಣದಿದ್ದರೂ ಬೂಷ್ಟು ಹುಟ್ಟಿದೆ. ಆ ಪುಸ್ತಕವನ್ನು ಆ ಕ್ಷಣವೇ ಉಳಿದವುಗಳಿಂದ ಬೇರೆ ಮಾಡಿ. ಮೂಸಿ ನೋಡುವುದು ಹುಚ್ಚು ಎನ್ನುವವರಿಗೆ ಒಂದು ಮಾತು: 2009ರಲ್ಲಿ ಲಂಡನ್ನಿನ ಸಂಶೋಧಕರು, ಹಳೆಯ ಪುಸ್ತಕಗಳು ಬಿಡುವ ಈ ಆವಿಗಳನ್ನು ಅಳೆದೇ ಕಾಗದದ ಸ್ಥಿತಿಯನ್ನು ತಿಳಿಯಬಹುದೆಂದು ತೋರಿಸಿದ್ದಾರೆ.

ಇನ್ನು ಬೆರಳು. ಹಳೆಯ ಕನ್ನಡ ಪುಸ್ತಕ, ಅದರಲ್ಲೂ ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ್ದು ಸಿಕ್ಕಿದರೆ, ಕಣ್ಣು ಮುಚ್ಚಿ ಪುಟದ ಹಿಂಬದಿಯ ಮೇಲೆ ತೋರುಬೆರಳು ಆಡಿಸಿ. ಸೀಸದ ಮೊಳೆ ಕಾಗದವನ್ನು ಒತ್ತಿದ ಜಾಗ ಆಚೆ ಬದಿಯಲ್ಲಿ ಸಣ್ಣಗೆ ಉಬ್ಬಿರುತ್ತದೆ. ಒತ್ತಕ್ಷರ ಇರುವಲ್ಲಿ ಉಬ್ಬು ಇನ್ನೂ ಕೆಳಗಿಳಿದಿರುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಈ ಸ್ಪರ್ಶ ಇಲ್ಲ, ಏಕೆಂದರೆ ಅಲ್ಲಿ ಶಾಯಿ ರಬ್ಬರ್ ಹಾಳೆಯ ಮೂಲಕ ಕಾಗದಕ್ಕೆ ಇಳಿಯುತ್ತದೆ, ಒತ್ತುವ ಮೊಳೆಯೇ ಇರುವುದಿಲ್ಲ. ಶಾಲೆಯ ಮಕ್ಕಳಿಗೆ ಇದನ್ನು ಮಾಡಿಸುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಅಕ್ಷರ ಮುಟ್ಟಿದ ಮಗು ಪುಸ್ತಕವನ್ನು ಬಿಡುವುದಿಲ್ಲ.

ಹೊಸ ಪುಸ್ತಕ ಕೊಳ್ಳುವಾಗ ಮೊದಲ ಪುಟಗಳಲ್ಲಿರುವ ಮುದ್ರಣ ವಿವರವನ್ನು ಓದಿ. 'ಬಳಸಿದ ಕಾಗದ: 70 ಜಿ.ಎಸ್.ಎಂ. ಮ್ಯಾಪ್‌ಲಿಥೋ, ಡೆಮಿ 1/8' ಎಂಬಂಥ ಸಾಲು ನಮ್ಮ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. 70 ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದ 70 ಗ್ರಾಂ ತೂಗುತ್ತದೆ ಎಂದು ಅರ್ಥ. ಮ್ಯಾಪ್‌ಲಿಥೋ ಎಂಬುದು ಕಾಗದದ ಬಗೆ, ಡೆಮಿ 1/8 ಎಂಬುದು ಪುಸ್ತಕದ ಅಳತೆ. ಕಾಗದ ಅದಕ್ಕಿಂತ ತೆಳುವಾದರೆ ಹಿಂಬದಿಯ ಅಕ್ಷರ ಈಚೆ ಕಾಣಿಸುತ್ತದೆ, ಆಷಾಢದ ಮಬ್ಬು ಬೆಳಕಿನಲ್ಲಿ ಕಣ್ಣು ಸೋಲುತ್ತದೆ. ನಂತರ ಪುಟವೊಂದನ್ನು ಬೆನ್ನಿಗೆ ಸಮಾನಾಂತರವಾಗಿ ಮೆಲ್ಲಗೆ ಬಾಗಿಸಿ ನೋಡಿ. ಸಲೀಸಾಗಿ ಬಾಗಿದರೆ ಕಾಗದದ ಎಳೆಗಳು ಮೇಲಿನಿಂದ ಕೆಳಕ್ಕೆ ಹರಿದಿವೆ, ಪುಟ ತಾನಾಗಿ ಮಲಗುತ್ತದೆ. ಸೆಟೆದು ನಿಂತರೆ ಎಳೆ ಅಡ್ಡವಾಗಿದೆ. ತೇವ ತಾಗಿದೊಡನೆ ಆ ಪುಸ್ತಕದ ಬೆನ್ನಿನ ಬದಿ ಅಲೆಯಲೆಯಾಗಿ ಉಬ್ಬುತ್ತದೆ. ಕೊಂಡಾದ ಮೇಲೆ ಅದನ್ನು ಒಮ್ಮೆಲೇ ನಡುವಿನಿಂದ ತೆರೆಯಬೇಡಿ. ಬೆನ್ನನ್ನು ಮೇಜಿನ ಮೇಲೆ ಊರಿ, ಮುಂದಿನಿಂದ ನಾಲ್ಕು ಹಾಳೆ, ಹಿಂದಿನಿಂದ ನಾಲ್ಕು ಹಾಳೆ ಬಿಡಿಸುತ್ತ, ಪ್ರತಿ ಸಲ ಸಂದಿಯನ್ನು ಬೆರಳಿನಿಂದ ಸವರುತ್ತ ನಡುವಿಗೆ ಬನ್ನಿ. ಈಗಿನ ಹೆಚ್ಚಿನ ಪುಸ್ತಕಗಳಿಗೆ ಹೊಲಿಗೆ ಇಲ್ಲ, ಅಂಟು ಮಾತ್ರ. ಹೀಗೆ ಪಳಗಿಸಿದರೆ ಆ ಅಂಟು ಬಿರುಕು ಬಿಡುವುದಿಲ್ಲ.

ಕಿವಿಯ ಕೆಲಸ ಸಣ್ಣದು, ಆದರೆ ನನಗೆ ಬಹಳ ಪ್ರಿಯವಾದದ್ದು. ಚಳಿಗಾಲದಲ್ಲಿ ಪುಟ ಮಗುಚಿದರೆ ಗರಿಗರಿಯಾದ ಸದ್ದು. ಆರಿದ್ರಾ ಮಳೆಯ ಹೊತ್ತಿಗೆ ಸದ್ದು ಮಂದವಾಗುತ್ತದೆ. ಪುನರ್ವಸುವಿನಲ್ಲಿ ಸದ್ದೇ ಇಲ್ಲ ಎಂದರೆ ಕಾಗದ ತೇವ ಕುಡಿದಿದೆ. ಗಾಳಿಯ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟಿಗೆ ಹಬ್ಬ, ನಮ್ಮಲ್ಲಿ ಜುಲೈ ತಿಂಗಳೆಲ್ಲ ಅದರ ಮೇಲೆಯೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ಪುಟ್ಟ ತೇವಮಾಪಕವೊಂದನ್ನು ಕಪಾಟಿನೊಳಗೆ ಇಡಿ, ಕಿವಿ ಹೇಳಿದ್ದನ್ನು ಅದು ಅಂಕಿಯಲ್ಲಿ ತೋರಿಸುತ್ತದೆ.

ಕಾಪಾಡುವ ಕೆಲಸವನ್ನು ಎಲ್ಲರೂ ಮೇ ತಿಂಗಳಿಗೆ ಇಟ್ಟುಕೊಳ್ಳುತ್ತಾರೆ. ಕಟ್ಟಿಗೆ ಒಟ್ಟುವುದು, ಹಪ್ಪಳ ಒಣಗಿಸುವುದು, ಗೋಡೆಗೆ ಮಡಲಿನ ತಟ್ಟಿ ಕಟ್ಟುವುದು, ಅವುಗಳ ಜೊತೆಗೇ ಪುಸ್ತಕವೂ. ಘಟ್ಟದ ಮೇಲಿನವರಿಗೆ ಇದು ನಡೆದೀತು. ಕರಾವಳಿಯಲ್ಲಿ ಮೇ ಬರುವಷ್ಟರಲ್ಲಿ ಸಮುದ್ರದ ಗಾಳಿ ತೇವ ಹೊತ್ತು ಒಳಗೆ ಬಂದಾಗಿರುತ್ತದೆ. ಗೋಕರ್ಣದ ಶಿವರಾತ್ರಿಯ ತೇರು ಮುಗಿದ ವಾರ ಸರಿಯಾದ ಕಾಲ. ಪುಸ್ತಕಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಬೀಸಣಿಗೆ ಬಿಡಿಸಿದ ಹಾಗೆ ನಿಲ್ಲಿಸಿ ಒಂದು ಹಗಲು ಒಣಗಿಸಿ. ನೇರ ಬಿಸಿಲು ಬೇಡ, ಅದು ಲಿಗ್ನಿನ್ನನ್ನು ಬೇಗ ಒಡೆದು ಪುಟವನ್ನು ಹಳದಿ ಮಾಡುತ್ತದೆ. ಮಳೆಗಾಲದಲ್ಲಿ ಓದಲಾರೆವು ಎನಿಸಿದ ಪುಸ್ತಕಗಳನ್ನು ಆಗಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವಿಟ್ಟು, ಗಾಳಿ ಹೊರದಬ್ಬಿ ಬಾಯಿ ಮುಚ್ಚಿ. ನವರಾತ್ರಿಯ ಸರಸ್ವತಿ ಪೂಜೆಗೆ ತೆಗೆಯುವ ತನಕ ತೆರೆಯಬೇಡಿ. ಜೂನ್ ತಿಂಗಳಲ್ಲಿ ಚೀಲಕ್ಕೆ ಹಾಕಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಸಿಲಿಕಾ ಜೆಲ್ಲಿನ ಬಣ್ಣ ಬದಲಿಸುವ ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ನೀರು ಬಿಟ್ಟು ಮತ್ತೆ ನೀಲಿಯಾಗುತ್ತದೆ.

ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಡಿ, ಪಡುವಣ ಗೋಡೆಯಾದರೆ ಇಡಲೇಬೇಡಿ. ನಮ್ಮ ಚಿರೇಕಲ್ಲಿನ ಗೋಡೆ ಮಳೆಯನ್ನು ಹೊರಗಿನಿಂದ ಹೀರಿ ಒಳಗೆ ತಣ್ಣಗೆ ಬಿಡುತ್ತದೆ. ಶಿರಸಿಯ ಅಕ್ಕನ ಮನೆಯಲ್ಲಿ ಪುಸ್ತಕಗಳು ಅಡುಗೆ ಒಲೆಯ ನೇರಕ್ಕೆ ಮೇಲಿರುವ ಮಾಳಿಗೆಯಲ್ಲಿವೆ. ಅಲ್ಲಿ ಬೂಷ್ಟಿಗೆ ಪ್ರವೇಶವಿಲ್ಲ. ಅಂಚು ಸ್ವಲ್ಪ ಕಪ್ಪಾಗಿದೆ ನಿಜ, ಪುಟ ತೆರೆದರೆ ಹೊಗೆಯ ನವಿರಾದ ವಾಸನೆ ಬರುತ್ತದೆ. ಆ ವಾಸನೆಯನ್ನು ನಾನು ಯಾವ ಅತ್ತರಿಗೂ ಬಿಟ್ಟುಕೊಡುವುದಿಲ್ಲ.

ನುಸಿಗುಳಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಬೂಷ್ಟನ್ನು ತಡೆಯುವುದಿಲ್ಲ, ಅದರ ಆವಿ ಮನುಷ್ಯರಿಗೆ ಒಳ್ಳೆಯದಲ್ಲ, ಪುಸ್ತಕದ ಸ್ವಂತ ಪರಿಮಳವನ್ನು ಅಳಿಸಿಹಾಕುತ್ತದೆ. ಮೇಲೆ ಹೇಳಿದ ಮೂರು ವಾಸನೆಗಳನ್ನು ಆಮೇಲೆ ಗುರುತಿಸುವುದು ಹೇಗೆ? ಒಣಗಿಸಿದ ಬಜೆ ಬೇರಿನ ತುಂಡು, ಲಾವಂಚದ ಕಟ್ಟು ಸಾಕು. ಹೂ ಬಿಡುವ ಕಾಲದಲ್ಲಿ ಸುರಗಿ ಸಿಕ್ಕರೆ ಪೂರ್ತಿ ಒಣಗಿಸಿ ಹತ್ತಿ ಬಟ್ಟೆಯ ಚೀಲದಲ್ಲಿ ಕಪಾಟಿನ ಮೂಲೆಗೆ ಇಡಿ. ಒಣಗಿದಷ್ಟೂ ಘಮ ಉಳಿಸಿಕೊಳ್ಳುವ ಹೂವು ಅದು. ಪುಟದ ನಡುವೆ ಮಾತ್ರ ಇಡಬೇಡಿ, ಕಲೆ ಬೀಳುತ್ತದೆ.

ಬೆನ್ನು ಕಿತ್ತ ಪುಸ್ತಕಕ್ಕೆ ಟೇಪು ಹಚ್ಚಬೇಡಿ, ಅದರ ಗೋಂದು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದಕ್ಕೆ ಇಳಿಯುತ್ತದೆ. ಒಂದು ಬಟ್ಟಲು ಮೈದಾಕ್ಕೆ ನಾಲ್ಕೈದು ಬಟ್ಟಲು ನೀರು ಹಾಕಿ, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕುದಿಸಿ. ಹುಳ ಬಾರದಿರಲು ನಮ್ಮ ಕಡೆಯ ಬೈಂಡರುಗಳು ಇದಕ್ಕೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ಕೊಳೆರೋಗ ತಡೆಯಲು ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಅದೇ ಮೈಲುತುತ್ತವಾದ್ದರಿಂದ ಶಿರಸಿ ಸೀಮೆಯ ಪ್ರತಿ ತೋಟದ ಮನೆಯಲ್ಲಿ ಸಿಗುತ್ತದೆ. ಅದು ವಿಷ. ಮಕ್ಕಳಿಂದ ದೂರವಿಡಿ, ಅಡುಗೆಯ ಪಾತ್ರೆಯನ್ನಾಗಲಿ ಕಬ್ಬಿಣದ ಪಾತ್ರೆಯನ್ನಾಗಲಿ ಬಳಸಬೇಡಿ, ಬೆನ್ನಿನ ಬಟ್ಟೆಗೆ ಮಾತ್ರ ತೆಳುವಾಗಿ ಹಚ್ಚಿ.

ಇಷ್ಟೆಲ್ಲ ಏಕೆ, ಯಂತ್ರದಲ್ಲಿ ಓದಬಾರದೇ ಎಂದು ಕೇಳುವವರಿದ್ದಾರೆ. ನನ್ನ ತಮ್ಮನ ಮಗ ಬೆಂಗಳೂರಿನಿಂದ ಕಿಂಡಲ್ ತಂದುಕೊಟ್ಟು, "ಅತ್ತೆ, ಇದಕ್ಕೆ ಬೂಷ್ಟು ಹಿಡಿಯುವುದಿಲ್ಲ" ಎಂದ. ನಿಜ, ಮತ್ತು ನಾನು ಅದನ್ನು ಬಳಸುತ್ತೇನೆ. ಅದರ ಪರದೆಯೊಳಗೆ ಬಹು ಸೂಕ್ಷ್ಮವಾದ ಗುಳ್ಳೆಗಳಿದ್ದು, ಪ್ರತಿಯೊಂದರಲ್ಲೂ ವಿದ್ಯುದಾವೇಶ ಪಡೆದ ಕಪ್ಪು ಮತ್ತು ಬಿಳಿ ಕಣಗಳಿವೆ. ಯಾವುದು ಮೇಲೆ ಬರುತ್ತದೋ ಆ ಬಣ್ಣ ಕಾಣುತ್ತದೆ. ಪುಟ ಬದಲಿಸುವಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕಾದ್ದರಿಂದ, ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋದ ದಿನಗಳಲ್ಲೂ ಅದು ನಡೆಯುತ್ತದೆ. ದಿಂಬಿಗೆ ಒರಗಿ ಓದುವ ದಪ್ಪ ಕಾದಂಬರಿ, ಕೊಂಕಣ ರೈಲಿನ ಪಯಣ, ಈಗ ಅಚ್ಚಿನಲ್ಲಿಲ್ಲದ ಪುಸ್ತಕ, ಇವನ್ನು ಅದಕ್ಕೆ ಬಿಡಿ. ಮಧ್ಯವಯಸ್ಸು ದಾಟಿದ ಕಣ್ಣಿಗೆ ಅಕ್ಷರ ಹಿಗ್ಗಿಸುವ ಸೌಲಭ್ಯ ದೊಡ್ಡ ಉಪಕಾರ. ಕೊಳ್ಳುವ ಮುಂಚೆ ಕಡತದ ಬಗೆ ನೋಡಿಕೊಳ್ಳಿ. ಯೂನಿಕೋಡ್‌ನಲ್ಲಿ ಸಿದ್ಧಪಡಿಸಿದ ಇ-ಪುಸ್ತಕವಾದರೆ ಅಕ್ಷರ ಹಿಗ್ಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಎಂಟೂವರೆ ಅಂಗುಲ ಎತ್ತರದ ಡೆಮಿ ಪುಟ ಆರು ಅಂಗುಲದ ಪರದೆಗೆ ಕುಗ್ಗಿ, ಒತ್ತಕ್ಷರಗಳು ಚುಕ್ಕೆಗಳಾಗುತ್ತವೆ. ಆಗ ಯಂತ್ರವನ್ನು ಅಡ್ಡ ತಿರುಗಿಸಿ ಅರ್ಧರ್ಧ ಪುಟ ಓದಿ. ಉಪ್ಪುಗಾಳಿಯ ಊರಿನಲ್ಲಿ ಚಾರ್ಜ್ ಮಾಡುವ ತೂತನ್ನು ಒಣಬಟ್ಟೆಯಿಂದ ಒರೆಸಿಯೇ ವೈರು ಸಿಕ್ಕಿಸಿ.

ಯಂತ್ರಕ್ಕೆ ಕೊಡಬಾರದ್ದು ಕಾವ್ಯ. ಷಟ್ಪದಿಯನ್ನೇ ತೆಗೆದುಕೊಳ್ಳಿ. ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸಕ್ಕೆ ಕೂಡುತ್ತದೆ, ಅಚ್ಚಿನ ಪುಟದಲ್ಲಿ ಆ ಆರು ಅಕ್ಷರಗಳು ಒಂದರ ಕೆಳಗೊಂದು ನಿಂತಿರುವುದನ್ನು ಕಣ್ಣು ಕಾಣುತ್ತದೆ, ಬೆರಳು ಅವುಗಳ ಮೇಲಿಂದ ಇಳಿಯುತ್ತದೆ. ಪರದೆಯಲ್ಲಿ ಅಕ್ಷರ ಹಿಗ್ಗಿಸಿದೊಡನೆ ಸಾಲು ನಡುವೆ ಮುರಿದು ಆ ಕಂಬವೇ ಕುಸಿಯುತ್ತದೆ. ಹಿಂದೆ ಮುಂದೆ ತಿರುಗಿಸಿ ಓದಬೇಕಾದ ಪುಸ್ತಕವೂ ಕಾಗದದಲ್ಲೇ ಇರಲಿ. ಓದಿದ ಮಾತು ಎಡಪುಟದ ಕೆಳಗಿತ್ತು, ಬಲಗೈಯಲ್ಲಿ ಇನ್ನೂ ದಪ್ಪ ಉಳಿದಿತ್ತು ಎಂಬ ನೆನಪನ್ನು ಕೈಯೇ ಇಟ್ಟುಕೊಳ್ಳುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೇ ನೀಳ್ಗತೆಯನ್ನು ಕೆಲವರಿಗೆ ಅಚ್ಚಿನಲ್ಲಿ, ಕೆಲವರಿಗೆ ಕಿಂಡಲ್‌ನಲ್ಲಿ ಓದಿಸಿದರು. ಹೆಚ್ಚಿನ ಪ್ರಶ್ನೆಗಳಲ್ಲಿ ಎರಡು ಗುಂಪಿನವರೂ ಸಮ. ಘಟನೆಗಳ ಮುನ್ನು ಹಿನ್ನು ಮತ್ತು ಅವು ಪುಸ್ತಕದಲ್ಲಿ ಬರುವ ಜಾಗದ ವಿಷಯದಲ್ಲಿ ಅಚ್ಚಿನವರು ಮುಂದಿದ್ದರು.

ಹಾಗಾಗಿ ಶಿವರಾತ್ರಿಯ ವಾರ ಚೀಲ ಕಟ್ಟುವಾಗ ಮಳೆಗಾಲದ ಓದಿಗೆಂದು ಒಂದು ಗೇಣು ಸಾಲಿನಷ್ಟು ಪುಸ್ತಕ ಹೊರಗೆ ಬಿಡಿ: ಹೊಲಿಗೆ ಇರುವಂಥವು, ಹೊದಿಕೆಗೆ ಲ್ಯಾಮಿನೇಶನ್ ಇಲ್ಲದಂಥವು. ಲ್ಯಾಮಿನೇಶನ್ ಇದ್ದರೆ ರಟ್ಟಿನ ಒಳಬದಿ ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ಕಿನ ಹೊರಬದಿ ಹಿಗ್ಗುವುದಿಲ್ಲ, ಹೊದಿಕೆ ಮೇಲಕ್ಕೆ ಸುರುಳಿಯಾಗುತ್ತದೆ. ಓದಿ ಮುಗಿಸಿದ ರಾತ್ರಿ ಅವನ್ನು ಅಡ್ಡ ಮಲಗಿಸಿ ಮೇಲೊಂದು ಹಲಗೆಯಿಟ್ಟು ಭಾರ ಹೇರಿ. ಹಲಸಿನ ಹಪ್ಪಳ ತಿಂದ ಕೈಯನ್ನು ತೊಳೆದು ಒರೆಸಿಯೇ ಪುಸ್ತಕ ಹಿಡಿಯಿರಿ. ಪುಟ ಮಗುಚಲು ನಾಲಗೆಗೆ ಬೆರಳು ತಾಗಿಸಬೇಡಿ, ಎಂಜಲು ಬಿದ್ದ ಮೂಲೆಯಲ್ಲೇ ಬೂಷ್ಟು ಮೊದಲು ಕಾಣಿಸುತ್ತದೆ. ಬಲಮೂಲೆಯ ಮೇಲ್ತುದಿಯನ್ನು ತೋರುಬೆರಳಿನಿಂದ ಎತ್ತಿ ಮಗುಚಿ.

ಎಲ್ಲ ಎಚ್ಚರದ ನಡುವೆಯೂ ಸೋರುವ ಹಂಚಿನ ಕೆಳಗೆ ಪುಸ್ತಕ ಸಿಕ್ಕಿಕೊಂಡರೆ, ಒಲೆಯ ಬಳಿಗೆ ಒಯ್ಯಬೇಡಿ. ಹತ್ತಿಪ್ಪತ್ತು ಪುಟಗಳಿಗೊಂದು ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಫ್ಯಾನಿನ ಗಾಳಿಗೆ ಒಡ್ಡಿ, ಕಾಗದ ಒದ್ದೆಯಾದಂತೆ ಬದಲಿಸುತ್ತಿರಿ. ಚಿತ್ರಗಳಿರುವ ಆರ್ಟ್ ಪೇಪರಿನ ಪುಸ್ತಕವಾದರೆ ಪುಟಗಳು ಒಣಗುವ ಮೊದಲೇ ಒಂದೊಂದನ್ನೂ ಬಿಡಿಸಬೇಕು. ಅದರ ಮೇಲಿನ ಜೇಡಿಯ ಲೇಪ ಒಣಗುತ್ತ ಪುಟಕ್ಕೆ ಪುಟವನ್ನು ಅಂಟಿಸಿಬಿಡುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮೇಲಂಕಣದಲ್ಲಿ, ಮಂಜುಗಡ್ಡೆ ಕಟ್ಟುವ ಜಾಗದಲ್ಲಿ ಇಡಿ. ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಬಿಡುವಾದ ದಿನ ಹೊರತೆಗೆದು, ಕರಗುತ್ತಿದ್ದಂತೆ ಪುಟ ಬಿಡಿಸಲು ಕುಳಿತುಕೊಳ್ಳಿ.