ಅಲೆಯುವುದಕ್ಕಿಂತ ಕೂರುವುದು ಕಷ್ಟ

ಕಾಯಂ ನೌಕರಿಯಿಲ್ಲದ, ಮನೆ ಸೇರಲು ಹೊತ್ತುಗೊತ್ತಿಲ್ಲದ ನನ್ನಂಥವನು ಬೀದಿಯ ಬದುಕಿನ ಬಗ್ಗೆ ಬರೆಯುತ್ತಾನೆಂದರೆ, ಹಗಲೆಲ್ಲ ಅಲೆಯುತ್ತಾನೆ ಎಂದೇ ಜನರ ಎಣಿಕೆ. ನಾನು ಅಲೆಯುವುದು ಕಡಿಮೆ. ಒಂದೇ ಮೂಲೆ ಹಿಡಿದು, ದಿನವೂ ಅದೇ ಹೊತ್ತಿಗೆ ಹೋಗಿ ಕೂರುತ್ತೇನೆ. ನಡೆದುಹೋಗುವವನಿಗೆ ಚಪ್ಪಲಿ ಹೊಲಿಯುವವನೊಬ್ಬ ಕಂಡರೆ ಹೆಚ್ಚು. ಕೂತವನಿಗೆ ಇನ್ನೂ ಕಾಣುತ್ತದೆ: ಮಧ್ಯಾಹ್ನ ಅವನು ಏಳುವಾಗ ತನ್ನ ಪೆಟ್ಟಿಗೆಯನ್ನು ಪಕ್ಕದ ಬೀಗ ರಿಪೇರಿಯವನತ್ತ ಸರಿಸುತ್ತಾನೆ, ಈತ ತಲೆಯೆತ್ತದೆ ಅದರ ಮೇಲೆ ತನ್ನ ಚೀಲ ಇಡುತ್ತಾನೆ. ಇಬ್ಬರ ನಡುವೆ ಮಾತೇ ಇಲ್ಲ.

ಮೊದಲ ಅರ್ಧ ಗಂಟೆಯಲ್ಲಿ ಬರೆದದ್ದು ಹೆಚ್ಚಾಗಿ ಕಸ. ಗದ್ದಲ, ಧೂಳು, ಬಣ್ಣಗಳು ಯಾರಿಗಾದರೂ ಹೊಳೆಯುತ್ತವೆ. ಬೇಸರ ಹತ್ತಿದ ಮೇಲೆ ಕಣ್ಣು ಕೆಲಸಕ್ಕಿಳಿಯುತ್ತದೆ. ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1974ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಒಂದು ಚೌಕದಲ್ಲಿ ಮೂರು ದಿನ ಕೂತು ಬಸ್ಸು, ಪಾರಿವಾಳ, ದಾರಿಹೋಕರು ಎನ್ನದೆ ಕಂಡದ್ದನ್ನೆಲ್ಲ ಗುರುತುಹಾಕಿದ. ಅದು ಉದ್ದಕ್ಕೂ ರುಚಿಸುವ ಓದಲ್ಲ, ನಿಜ. ಆದರೆ ಏನೂ ನಡೆಯುತ್ತಿಲ್ಲ ಎಂದು ನಾವು ಎದ್ದುಬರುವ ಹೊತ್ತೇ ಅವನಿಗೆ ವಸ್ತು. ಆ ಮೊಂಡು ತಾಳ್ಮೆಯನ್ನು ನಾನು ಎರವಲು ಪಡೆದಿದ್ದೇನೆ, ಪಟ್ಟಿಯನ್ನಲ್ಲ.

ನೋಟ್‌ಪುಸ್ತಕ ತೆಗೆದರೆ ಯಾವುದೋ ಇಲಾಖೆಯವನೆಂದುಕೊಂಡು ಬೀದಿ ವ್ಯಾಪಾರಿ ಸಾಮಾನು ಒಳಗೆಳೆದುಕೊಳ್ಳುತ್ತಾನೆ. ಹಾಗಾಗಿ ಮೊಬೈಲ್‌ನಲ್ಲೇ ಬರೆಯುತ್ತೇನೆ. ಮೊಬೈಲ್ ನೋಡುತ್ತ ಕೂತವನನ್ನು ಈ ಕಾಲದಲ್ಲಿ ಯಾರೂ ಎರಡನೇ ಸಲ ನೋಡುವುದಿಲ್ಲ. ಫೋಟೊ ಮಾತ್ರ ತೆಗೆಯುವುದಿಲ್ಲ. ಬ್ರಿಟನ್ನಿನಲ್ಲಿ 1937ರಲ್ಲಿ ಶುರುವಾದ ಮಾಸ್ ಅಬ್ಸರ್ವೇಷನ್ ಸಂಸ್ಥೆಯವರು ಸಾಮಾನ್ಯ ಜನರ ಮಾತು, ನಡೆಗಳನ್ನು ದಾಖಲಿಸತೊಡಗಿದಾಗ, ಇದು ಕದ್ದು ನೋಡುವ ಚಟ ಎಂಬ ಆಕ್ಷೇಪ ಬಂದಿತ್ತು. ಆ ಆಕ್ಷೇಪ ನನ್ನ ಮೇಲೂ ನಿಲ್ಲುತ್ತದೆ. ಹೆಸರು, ಊರು, ಅಂಗಡಿಯ ಗುರುತು ಬದಲಿಸುತ್ತೇನೆ; ಜಗಳದ ನಡುವೆ ಕಿವಿಗೆ ಬಿದ್ದ ಮನೆಯೊಳಗಿನ ಗುಟ್ಟನ್ನು, ಎಷ್ಟೇ ಸೊಗಸಾಗಿರಲಿ, ಬಿಟ್ಟುಬಿಡುತ್ತೇನೆ. ಹಾಗೆ ಬಿಟ್ಟವುಗಳ ಬಗ್ಗೆ ಹೊಟ್ಟೆಯುರಿ ಇದ್ದೇ ಇದೆ.

ಅದೇ ರಾತ್ರಿ ವಾಕ್ಯಗಳನ್ನು ಕಟ್ಟುತ್ತೇನೆ. ಒಂದು ನಿದ್ದೆ ಕಳೆದರೆ ನೆನಪು ತನಗೆ ಬೇಕಾದ ಕಥೆ ಹೆಣೆಯುತ್ತದೆ. ತಿದ್ದುವಾಗ ಮೊದಲು ಬಲಿಯಾಗುವವು ಮರುಕದ ವಿಶೇಷಣಗಳು. ‘ದಣಿದ ಹೆಂಗಸು’ ಎಂದಿದ್ದರೆ ಹೊಡೆದುಹಾಕಿ, ರಸ್ತೆ ದಾಟುವಷ್ಟರಲ್ಲಿ ಅವಳು ಚೀಲವನ್ನು ಎಷ್ಟು ಸಲ ಕೈ ಬದಲಿಸಿದಳು ಎಂದು ಬರೆಯುತ್ತೇನೆ. ಅದನ್ನು ನಾನು ಗಮನಿಸಿರದಿದ್ದರೆ ಅವಳನ್ನು ಬರಹದಿಂದಲೇ ತೆಗೆದುಬಿಡುತ್ತೇನೆ.