ಅಮೆರಿಕದ ನಿವೃತ್ತ ಶಿಕ್ಷಕರು ಸೋಷಿಯಲ್ ಸೆಕ್ಯುರಿಟಿಯ ಪೂರ್ಣ ಮೊತ್ತ ಪಡೆಯುವ ಕ್ರಮ

ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಇಲಿನಾಯ್, ಒಹಾಯೊ ಮೊದಲಾದ ರಾಜ್ಯಗಳ ಸರ್ಕಾರಿ ಶಾಲೆಗಳ ಬಹುಪಾಲು ಶಿಕ್ಷಕರ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ (ದುಡಿಯುವವರ ವಂತಿಗೆಯಿಂದ ನಡೆಯುವ ಅಮೆರಿಕದ ಒಕ್ಕೂಟ ಸರ್ಕಾರದ ಪಿಂಚಣಿ ಯೋಜನೆ) ವಂತಿಗೆ ಕಡಿತವಾಗುವುದಿಲ್ಲ. ಅವರಿಗೆ ಪ್ರತ್ಯೇಕ ಪಿಂಚಣಿ ಇದೆ. ಆ ಪಿಂಚಣಿಯನ್ನೇ ನೆಪವಾಗಿಟ್ಟುಕೊಂಡು, 1977 ಮತ್ತು 1983ರ ಎರಡು ನಿಯಮಗಳು, ಅವರು ಬೇರೆ ಕೆಲಸದಲ್ಲಿ ವಂತಿಗೆ ಕಟ್ಟಿ ಗಳಿಸಿದ ಸೋಷಿಯಲ್ ಸೆಕ್ಯುರಿಟಿಯನ್ನೂ, ಗಂಡ ಅಥವಾ ಹೆಂಡತಿಯ ಲೆಕ್ಕದಲ್ಲಿ ಬರಬೇಕಾದ ಹಣವನ್ನೂ ದಶಕಗಳ ಕಾಲ ಮೊಟಕುಗೊಳಿಸಿದವು. 2025ರ ಜನವರಿ 5ರಂದು ಅಧ್ಯಕ್ಷ ಜೋ ಬೈಡನ್ ಅಂಕಿತ ಹಾಕಿದ ಸೋಷಿಯಲ್ ಸೆಕ್ಯುರಿಟಿ ಫೇರ್‌ನೆಸ್ ಕಾಯ್ದೆ ಇವೆರಡನ್ನೂ 2024ರ ಜನವರಿಯಿಂದ ಪೂರ್ವಾನ್ವಯವಾಗುವಂತೆ ರದ್ದುಪಡಿಸಿತು.

ಕಡಿತವಾದ ಮೊತ್ತವನ್ನು ಆಗಲೇ ಪಡೆಯುತ್ತಿದ್ದವರು ಹೊಸ ಅರ್ಜಿ ಹಾಕಬೇಕಿಲ್ಲ. ಅಂಥವರಿಗೆ ಬಾಕಿ ಪಾವತಿ 2025ರ ಫೆಬ್ರವರಿಯಲ್ಲಿ ಆರಂಭವಾಯಿತು. ಹಣ ಬಂದಿಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ದಾಖಲೆಯಲ್ಲಿರುವ ವಿಳಾಸ ಮತ್ತು ಬ್ಯಾಂಕ್ ಖಾತೆ ಸರಿಯಿದೆಯೇ ಎಂದು ಮೊದಲು ನೋಡಬೇಕು.

ನಿಜವಾದ ಆತಂಕವಿರುವುದು, ಹೇಗೂ ಏನೂ ಸಿಗುವುದಿಲ್ಲವೆಂದು ಅರ್ಜಿಯನ್ನೇ ಹಾಕದೆ ಉಳಿದವರ ವಿಷಯದಲ್ಲಿ. ತಿಂಗಳಿಗೆ 3,000 ಡಾಲರ್ ಶಿಕ್ಷಕ ಪಿಂಚಣಿ ಇರುವ ವಿಧವೆಯೊಬ್ಬರಿಗೆ ಪತಿಯ ಲೆಕ್ಕದಿಂದ 1,800 ಡಾಲರ್ ಬರಬೇಕಿತ್ತೆಂದುಕೊಳ್ಳೋಣ. ಹಳೆಯ ನಿಯಮದಂತೆ ಪಿಂಚಣಿಯ ಮೂರನೇ ಎರಡು ಪಾಲು, ಅಂದರೆ 2,000 ಡಾಲರ್, ಅದರಿಂದ ಕಳೆಯುತ್ತಿದ್ದುದರಿಂದ ಅವರ ಕೈಗೆ ಬಿಡಿಗಾಸೂ ಬರುತ್ತಿರಲಿಲ್ಲ. ಈಗ ಪೂರ್ತಿ 1,800 ಡಾಲರ್ ಅವರದು, ಆದರೆ ಅರ್ಜಿ ಸಲ್ಲಿಸದೆ ಅದು ಬರುವುದಿಲ್ಲ. ಪೂರ್ಣ ನಿವೃತ್ತಿ ವಯಸ್ಸು (ವಯಸ್ಸಿನ ಕಾರಣಕ್ಕೆ ಕಡಿತವಿಲ್ಲದೆ ಹಣ ಸಿಗುವ ವಯಸ್ಸು) ದಾಟಿದವರಿಗೂ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಆರು ತಿಂಗಳ ಹಣ ಮಾತ್ರ ಸಿಗುವುದರಿಂದ, ಇಂಥ ಸಂಗಾತಿಯ ಲೆಕ್ಕದ ಹಣಕ್ಕೆ ಅದಕ್ಕಿಂತ ತಡಮಾಡಿದ ಒಂದೊಂದು ತಿಂಗಳೂ ನಷ್ಟವೇ.

ಸ್ವಂತ ಲೆಕ್ಕದ ಹಣಕ್ಕೆ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ವಂತಿಗೆ ಬೇಕು. ವಿಚ್ಛೇದಿತರು ಮಾಜಿ ಸಂಗಾತಿಯ ಲೆಕ್ಕದಲ್ಲಿ ಕೇಳುವುದಾದರೆ ಮದುವೆ ಕನಿಷ್ಠ ಹತ್ತು ವರ್ಷ ಉಳಿದಿರಬೇಕು. ಸ್ವಂತ ಲೆಕ್ಕಕ್ಕೂ ಸಂಗಾತಿಯ ಲೆಕ್ಕಕ್ಕೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ತೀರಿಹೋದ ಸಂಗಾತಿಯ ಲೆಕ್ಕಕ್ಕಾದರೆ 1-800-772-1213ಕ್ಕೆ ಕರೆ ಮಾಡಬೇಕು ಅಥವಾ ಸ್ಥಳೀಯ ಕಚೇರಿಗೆ ಹೋಗಬೇಕು. ಜನನ, ವಿವಾಹ, ಮರಣ ಪ್ರಮಾಣಪತ್ರಗಳ ಮೂಲಪ್ರತಿ ಅಥವಾ ಅವನ್ನು ನೀಡಿದ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕಾಗುತ್ತದೆ, ಜೆರಾಕ್ಸ್ ನಡೆಯುವುದಿಲ್ಲ. ಊರಿನಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೇ ಇರುವ ಕನ್ನಡಿಗರು ಕಾಗದಪತ್ರ ಹೊಂದಿಸುವವರೆಗೆ ಕಾಯದೆ ಮೊದಲು ಅರ್ಜಿ ಸಲ್ಲಿಸಿ, ಬೇರೆ ಯಾವ ಪುರಾವೆ ಒಪ್ಪುತ್ತಾರೆಂದು ಕಚೇರಿಯಲ್ಲಿಯೇ ಕೇಳುವುದು ಒಳ್ಳೆಯದು.

ಸ್ವಂತ ಸೋಷಿಯಲ್ ಸೆಕ್ಯುರಿಟಿಯೂ ಸಂಗಾತಿಯ ಲೆಕ್ಕದ ಹಣವೂ ಎರಡೂ ಪೂರ್ತಿಯಾಗಿ ಸೇರಿ ಬರುವುದಿಲ್ಲ. ಅವುಗಳಲ್ಲಿ ಹೆಚ್ಚಿನದರಷ್ಟೇ ಸಿಗುತ್ತದೆ. ಆ ನಿಯಮವನ್ನು ಈ ಕಾಯ್ದೆ ಮುಟ್ಟಿಲ್ಲ. ಆದಾಯಕ್ಕೆ ತಕ್ಕಂತೆ ಈ ಹಣದ ಶೇ. 85ರವರೆಗೆ ತೆರಿಗೆಯ ವ್ಯಾಪ್ತಿಗೆ ಬರಬಹುದು. ಹಿಂದಿನ ವರ್ಷದ ಬಾಕಿಯೂ ಒಟ್ಟಿಗೆ ಬಂದಿದ್ದರೆ, ಆ ಪಾಲನ್ನು ಆಯಾ ವರ್ಷದ ಆದಾಯದೊಂದಿಗೆ ಲೆಕ್ಕ ಹಾಕುವ ಆಯ್ಕೆಯಿಂದ ತೆರಿಗೆ ತಗ್ಗುತ್ತದೆಯೇ ಎಂದು ಲೆಕ್ಕಪರಿಶೋಧಕರಿಂದ ತಿಳಿದುಕೊಂಡೇ ರಿಟರ್ನ್ ಸಲ್ಲಿಸಬೇಕು.