ನನ್ನ ಆರ್‌ಡಿ350: ಏನು ಉಳಿಸಿಕೊಂಡೆ, ಏನು ಕಿತ್ತು ಹಾಕಿದೆ

ನನ್ನ ಯಮಹಾ ಆರ್‌ಡಿ350 ಬೈಕ್ 1973ರ ಮಾಡೆಲ್. ನನ್ನ ಕೈಗೆ ಬರೋ ಹೊತ್ತಿಗೆ ಅದರ ಮೂಲ ರೂಪ ಅರ್ಧ ಉಳಿದಿರಲಿಲ್ಲ. ಸೈಲೆನ್ಸರ್ ಬದಲು ಎರಡು ಎಕ್ಸ್‌ಪ್ಯಾನ್ಶನ್ ಚೇಂಬರ್ (ಹೊಟ್ಟೆ ಉಬ್ಬಿದ ಹೊಗೆಕೊಳವೆ), ಗಾಳಿ ಸೋಸೋ ಏರ್‌ಬಾಕ್ಸ್ ಬದಲು ಕಾರ್ಬೊರೇಟರಿಗೇ ನೇರ ಸಿಕ್ಕಿಸೋ ಪಾಡ್ ಫಿಲ್ಟರ್, ತಗ್ಗಿನ ಕ್ಲಿಪ್-ಆನ್ ಹ್ಯಾಂಡಲ್, ಒಂಟಿ ಸೀಟು. ಆದರೂ ಕೊಂಡೆ. ಫ್ರೇಮಿಗೆ ಯಾರೂ ಗರಗಸ ಹಾಕಿರಲಿಲ್ಲ, ಅದಕ್ಕೆ. ಬೋಲ್ಟ್ ಹಾಕಿ ಕೂರಿಸಿದ್ದನ್ನು ಯಾವಾಗ ಬೇಕಾದರೂ ಬಿಚ್ಚಬಹುದು, ಕತ್ತರಿಸಿದ ಫ್ರೇಮನ್ನು ಸರಿ ಮಾಡೋದು ದೊಡ್ಡ ಕೆಲಸ.

ಇಂಥ ಗಾಡಿ ಸಿಕ್ಕ ಕೂಡಲೇ ಪೇಂಟು, ಪಾಲಿಶು ಅಂತ ಕೈ ತುರಿಸುತ್ತೆ. ನಾನು ಎಂಜಿನ್ ಗಾಳಿ ಸೋರುತ್ತಾ ಅಂತ ನೋಡೋ ಲೀಕ್ ಟೆಸ್ಟ್‌ನಿಂದ ಶುರು ಮಾಡಿದೆ. ಇದು ಎರಡು ಸಿಲಿಂಡರಿನ 347 ಸಿಸಿ ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲು, ಗಾಳಿ ಎರಡೂ ಮೊದಲು ಕೆಳಗೆ ಕ್ರ್ಯಾಂಕ್ ತಿರುಗೋ ಗೂಡಿಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ ಹೋಗಿ, ಅಲ್ಲಿಂದ ಸಿಲಿಂಡರಿಗೆ ಏರುತ್ತವೆ. ಕ್ರ್ಯಾಂಕಿನ ಬಲಗಡೆ, ಕ್ಲಚ್ ಇರೋ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತೆ, ತಕ್ಷಣ ಗೊತ್ತಾಗುತ್ತೆ. ಎಡಗಡೆ ಪಾಯಿಂಟ್ಸ್ (ಪ್ಲಗ್ಗಿನ ಕಿಡಿ ಹಾರಿಸೋ ಸ್ವಿಚ್) ಇರೋ ಜಾಗ ಒಣ. ಆ ಸೀಲ್ ಹೋದರೆ ಹೊಗೆ ಬರಲ್ಲ, ಸುಮ್ನೆ ಗಾಳಿ ಸೇರುತ್ತಾ ಹೋಗುತ್ತೆ. ಮಿಕ್ಸ್ಚರ್ ಲೀನ್ ಆಗಿ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ, ಒಂದು ದಿನ ಪಿಸ್ಟನ್ ಹಿಡಿದುಕೊಳ್ಳುತ್ತೆ.

ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ ರಬ್ಬರ್ ಬಿರಡೆ ಜಡಿದು, ಗೇಜ್ ಇರೋ ಕೈಪಂಪಿನಲ್ಲಿ 6 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿದೆ. 6 ನಿಮಿಷ ಮುಳ್ಳು ನಿಂತಲ್ಲೇ ನಿಲ್ಲಬೇಕು. ಇಲ್ಲಿ ನೋಡ್ತಾ ನೋಡ್ತಾನೇ ಇಳಿಯಿತು. ಎಡ ಸೀಲಿಗೆ ಅಡ್ಡ ಇರೋ ರೋಟರ್ ತೆಗೆದು ಸೋಪಿನ ನೀರು ಹಚ್ಚಿದರೆ ಎಡ ಸೀಲಿನ ಅಂಚಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಎಂಜಿನ್ ಬಿಚ್ಚಿ ಎಲ್ಲಾ ಸೀಲ್ ಹೊಸದು ಹಾಕಿದೆ. ಮತ್ತೆ ಟೆಸ್ಟ್ ಮಾಡಿ, ಮುಳ್ಳು ಕದಲದ ಮೇಲೇ ಕಾರ್ಬೊರೇಟರ್ ಮುಟ್ಟಿದ್ದು. ಗಾಳಿ ಸೋರೋ ಎಂಜಿನ್‌ಗೆ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಭಾಗ) ಹೊಂದಿಸಿ ಏನು ಪ್ರಯೋಜನ?

ಚೇಂಬರ್ ಉಳಿಸಿಕೊಂಡೆ. ಎಕ್ಸಾಸ್ಟ್‌ನಿಂದ ಹೊರಟ ಒತ್ತಡದ ಅಲೆ ಚೇಂಬರಿನ ಕೊನೆಯ ಕೋನಿಗೆ ಬಡಿದು ವಾಪಸ್ ಬಂದು, ಆಚೆ ಜಾರುತ್ತಿದ್ದ ಹೊಸ ಮಿಕ್ಸ್ಚರನ್ನು ಸಿಲಿಂಡರಿಗೆ ತಳ್ಳುತ್ತೆ. ಆ ಆರ್‌ಪಿಎಂ ಬಂದಾಗ ಗಾಡಿ ಎಗರುತ್ತೆ ನೋಡಿ, ಆ ಖುಷಿಯನ್ನು ಬಿಟ್ಟುಕೊಡೋಕೆ ನನಗೆ ಮನಸ್ಸಿರಲಿಲ್ಲ. ಪಾಡ್ ಫಿಲ್ಟರ್ ಮಾತ್ರ ಕಿತ್ತು ಮೂಲ ಏರ್‌ಬಾಕ್ಸ್ ಹುಡುಕಿ ಹಾಕಿದೆ. ರಸ್ತೆಯಲ್ಲಿ ದಿನಾ ಓಡಿಸೋರಿಗೆ ಪಾಡ್ ಫಿಲ್ಟರಿನಿಂದ ಲಾಭಕ್ಕಿಂತ ತಲೆನೋವೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ.

ಆಮೇಲೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರೋ ಹೊತ್ತು. ಪ್ಲಗ್ ತೂತಿಗೆ ಡಯಲ್ ಗೇಜ್ ಇಟ್ಟು, ಪಿಸ್ಟನ್ ತುದಿ ಮುಟ್ಟೋಕೆ 2.0 ಮಿ.ಮೀ. ಇರುವಾಗ ಪಾಯಿಂಟ್ಸ್ ತೆರೆಯೋ ಹಾಗೆ ಎರಡೂ ಸಿಲಿಂಡರಿಗೆ ಬೇರೆ ಬೇರೆಯಾಗಿ ಹೊಂದಿಸಿದೆ. ಜೆಟ್ಟಿಂಗ್‌ಗೆ ದೊಡ್ಡ ಮೇನ್ ಜೆಟ್‌ನಿಂದ ಶುರು ಮಾಡಿ ಒಂದೊಂದೇ ಸೈಜ್ ಇಳಿಸುತ್ತಾ ಬಂದೆ. ಪೆಟ್ರೋಲ್ ಜಾಸ್ತಿಯಾದರೆ ಎಂಜಿನ್ ಮುಗ್ಗರಿಸುತ್ತೆ ಅಷ್ಟೇ, ಕಡಿಮೆಯಾದರೆ ಪಿಸ್ಟನ್ನೇ ಹೋಗುತ್ತೆ. ಪ್ರತಿ ಸಲ ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಫುಲ್ ಥ್ರಾಟಲ್ ಕೊಟ್ಟು, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ ಪ್ಲಗ್ ನೋಡುತ್ತಿದ್ದೆ. ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ ಕಂಡ ಕಡೆ ನಿಲ್ಲಿಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಬ್ರೇಕಿನ ಹಳೇ ರಬ್ಬರ್ ಹೋಸ್, ಕ್ಯಾಲಿಪರ್ ಸೀಲ್ ಎಲ್ಲಾ ಬದಲಾಯಿಸಿದೆ. ಕ್ಲಿಪ್-ಆನ್ ತೆಗೆದು ಎತ್ತರದ ಹ್ಯಾಂಡಲ್ ಹಾಕಿದ ಮೇಲೆ ಮಣಿಕಟ್ಟು ನೋವು ಹೋಯಿತು. ಬಿಚ್ಚಿದ ಪ್ರತಿ ಭಾಗವನ್ನೂ ಚೀಟಿ ಅಂಟಿಸಿ ಡಬ್ಬದಲ್ಲಿ ಇಟ್ಟಿದ್ದೇನೆ. ಈಗಿನ ಜೆಟ್ ನಂಬರ್‌ಗಳೂ ಅದರಲ್ಲೇ ಇವೆ, ಮುಂದೆ ಈ ಗಾಡಿ ಯಾರ ಕೈಗೆ ಹೋದರೂ ಬೇಕಾಗುತ್ತೆ.